ಎಂಜಿನ್ ತಿರುಗಿಯೂ ಚಾಲನೆಗೊಳ್ಳದ ವಾಹನ: ದೋಷ ಪತ್ತೆಯ ಕ್ರಮ

ಸರಕು ತುಂಬಿ ನಿಂತ ಪೆಟ್ರೋಲ್ ವ್ಯಾನಿನ ಎಂಜಿನ್ ಎಂದಿನ ವೇಗದಲ್ಲಿ ತಿರುಗಿಯೂ ಚಾಲನೆಗೊಳ್ಳದಿದ್ದರೆ ಹೊಸ ಬ್ಯಾಟರಿ ಖರೀದಿಸುವುದು ವ್ಯರ್ಥ ವೆಚ್ಚ. ಬ್ಯಾಟರಿ, ಸ್ಟಾರ್ಟರ್‌ಗಳು ಸರಿಯಾಗಿವೆ ಎಂಬುದಕ್ಕೆ ಆ ತಿರುಗುವಿಕೆಯೇ ಸಾಕ್ಷಿ. ದೋಷವಿರುವುದು ಸಾಮಾನ್ಯವಾಗಿ ಇಂಧನ ಪೂರೈಕೆಯಲ್ಲಿ ಅಥವಾ ಕಿಡಿಯಲ್ಲಿ.

ಮೊದಲು ಇಂಧನದ ಮಟ್ಟವನ್ನೂ ಇಮ್ಮೊಬಿಲೈಸರ್ ದೀಪವನ್ನೂ ಗಮನಿಸಬೇಕು. ದೀಪ ಮಿನುಗುತ್ತಿದ್ದರೆ ಎರಡನೆಯ ಕೀಲಿಯನ್ನು ಬಳಸಿ ನೋಡಬೇಕು. ಇಂಜೆಕ್ಷನ್ ವ್ಯವಸ್ಥೆಯುಳ್ಳ ಬಹುತೇಕ ವಾಹನಗಳಲ್ಲಿ ಕೀಲಿ ತಿರುಗಿಸಿದೊಡನೆ ಟ್ಯಾಂಕಿನ ಬಳಿ ಪಂಪಿನ ಸದ್ದು ಒಂದೆರಡು ಸೆಕೆಂಡು ಕೇಳಿಸುತ್ತದೆ. ಕೇಳಿಸದಿದ್ದರೆ ಫ್ಯೂಸ್, ರಿಲೇಗಳನ್ನು ಪರೀಕ್ಷಿಸಬೇಕು. ಸದ್ದಿದ್ದರೆ ಸ್ಪಾರ್ಕ್ ಪ್ಲಗ್‌ಗಳ ತಪಾಸಣೆಯನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಕೂಡಲೇ ನಿಲ್ಲಿಸದಿದ್ದರೆ ವಾಲ್ವ್‌ಗಳಿಗೆ ಹಾನಿಯಾದೀತು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಕಾಲ ಸ್ಟಾರ್ಟರ್ ತಿರುಗಿಸಬಾರದು. ಕಂಡ ಲಕ್ಷಣಗಳನ್ನು ಕ್ರಮವಾಗಿ ತಿಳಿಸಿದರೆ ಅನಗತ್ಯ ಬಿಡಿಭಾಗಗಳ ವೆಚ್ಚವೂ ವಿಳಂಬವೂ ತಪ್ಪುತ್ತವೆ.