ನಿದಾನವೂ ನಿಧಾನವೂ

ವೈದ್ಯಶಾಸ್ತ್ರದಲ್ಲಿ 'ನಿದಾನ' ಎಂದರೆ ರೋಗದ ಮೂಲಕಾರಣವನ್ನು ಅರಿಯುವುದು. ಕನ್ನಡದಲ್ಲಿ 'ನಿಧಾನ' ಎಂದರೆ ಅವಸರವಿಲ್ಲದ ನಡೆ. ಒಂದು ಮಹಾಪ್ರಾಣದ ಅಂತರವಷ್ಟೆ. ಆದರೆ ಎರಡನೆಯದಿಲ್ಲದೆ ಮೊದಲನೆಯದು ಕೈಗೂಡದು. ಮನೆಯ ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ.

ವಾಚಕರೇ, ಶ್ರೀರಂಗಪಟ್ಟಣದಲ್ಲಿಯೋ ಕೆ. ಆರ್. ಪೇಟೆಯಲ್ಲಿಯೋ ಒಂದು ಮನೆಯನ್ನು ಊಹಿಸಿಕೊಳ್ಳಿ. ಓದು ಮುಗಿಸಿದ ಮಗಳು ಮನೆಯಲ್ಲಿಯೇ ಕುಳಿತು ಕಟ್ಟಡಗಳ ಚಿತ್ರಗಳನ್ನು ರಚಿಸಿಕೊಟ್ಟು ಸಂಸಾರಕ್ಕೆ ಆಸರೆಯಾಗಿದ್ದಾಳೆ. 'ನುಡಿ'ಯಲ್ಲಿ ಕಾಗದ ಬರೆಯುವಾಗ ಯಂತ್ರ ಸುಮ್ಮನಿರುತ್ತದೆ. ಚಿತ್ರಕ್ಕೆ ಕೈಹಚ್ಚಿ ಹತ್ತು ನಿಮಿಷವಾಗುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಅರ್ಧ ದಿನದ ದುಡಿಮೆ ನೀರಿನಲ್ಲಿ ಮಾಡಿದ ಹೋಮ. "ಗ್ರಾಫಿಕ್ಸ್ ಕಾರ್ಡು ಹೋಗಿದೆ, ಹೊಸದು ಹಾಕಿಸಿ" ಎಂದು ಯಾರೋ ಹೇಳುತ್ತಾರೆ. ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ. ಸ್ವಲ್ಪ ತಡೆಯಿರಿ.

ಈ ಕಾರ್ಡು ಚಿತ್ರ ಬಿಡಿಸುವುದಕ್ಕೆಂದೇ ನೇಮಿಸಿದ ಆಳು. ಸಾಮಾನ್ಯ ಪರದೆಯಲ್ಲಿ 20 ಲಕ್ಷಕ್ಕೂ ಮೀರಿದ ಚುಕ್ಕೆಗಳಿವೆ. ಸೆಕೆಂಡಿಗೆ ಹಲವು ಸಲ ಅವಕ್ಕೆಲ್ಲ ಬಣ್ಣವನ್ನು ಲೆಕ್ಕಹಾಕುವುದು ಇದರ ಕೆಲಸ. ಕೆಲಸ ಹೆಚ್ಚಿದಷ್ಟೂ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಸುಮಾರು 2 ಸೆಕೆಂಡು ಉತ್ತರ ಬರದಿದ್ದರೆ ವಿಂಡೋಸ್ ವ್ಯವಸ್ಥೆಯು ಕಾರ್ಡನ್ನೂ ಅದನ್ನು ನಡೆಸುವ 'ಡ್ರೈವರ್' ಎಂಬ ತಂತ್ರಾಂಶವನ್ನೂ ಹೊಸದಾಗಿ ಎಬ್ಬಿಸುತ್ತದೆ. ಏಳದಿದ್ದರೆ ಯಂತ್ರವೇ ನಿಲ್ಲುತ್ತದೆ.

ಮೊದಲು ಯಂತ್ರದ ದಿನಚರಿಯನ್ನು ಓದಿ. 'ಇವೆಂಟ್ ವ್ಯೂವರ್' ಎಂಬಲ್ಲಿ 4101 ಎಂಬ ಸಂಖ್ಯೆ ಕಂಡರೆ ಡ್ರೈವರು ಉತ್ತರಿಸದೆ ಮತ್ತೆ ಎದ್ದಿತೆಂದು ಅರ್ಥ. 41 ಮಾತ್ರ ಇದ್ದರೆ ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿತೆಂದು ಅರ್ಥ. ಆಗ ವಿದ್ಯುತ್ತನ್ನೂ ಸಂಶಯಿಸಬೇಕು.

ಎರಡನೆಯದು ಡ್ರೈವರು. ಹೊಸ ಡ್ರೈವರು ಬಂದ ಮೇಲೆ ಕಾಟ ಆರಂಭವಾಗಿದ್ದರೆ ಹಳೆಯದನ್ನೇ ಮರಳಿ ಹಾಕಿ ನೋಡತಕ್ಕದ್ದು. ಇದಕ್ಕೆ ಖರ್ಚಿಲ್ಲ.

ಮೂರನೆಯದು ಬಿಸಿ. 'ಟಾಸ್ಕ್ ಮ್ಯಾನೇಜರ್' ಕಾರ್ಡಿನ ಶಾಖವನ್ನು ತೋರಿಸುತ್ತದೆ. 90 ಡಿಗ್ರಿಯ ಸಮೀಪ ಹೋದೊಡನೆ ಪರದೆ ಆರುವುದಾದರೆ ಧೂಳನ್ನು ಹುಡುಕಿ. ನಾಗಮಂಗಲದ ಬಯಲುಧೂಳಾಗಲಿ, ಪಾಂಡವಪುರದ ಕಡೆಯ ಆಲೆಮನೆಯ ಮಸಿಯಾಗಲಿ ಯಂತ್ರದೊಳಕ್ಕೆ ಕೇಳಿ ಬರುವುದಿಲ್ಲ. ಪ್ಲಗ್ಗು ಕಿತ್ತು, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು, ಮೃದುವಾದ ಕುಂಚದಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ.

ನಾಲ್ಕನೆಯದು ವಿದ್ಯುತ್ತು. ತಾಯಿಹಲಗೆಯ ಸಂದು ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಕೊಡಬಲ್ಲದು. ಮಿಕ್ಕದ್ದು ಪವರ್ ಸಪ್ಲೈ ಪೆಟ್ಟಿಗೆಯಿಂದ ಬೇರೆ ತಂತಿಯಲ್ಲಿ ಬರಬೇಕು. ಆ ತಂತಿ ಸಡಿಲವಾಗಿದ್ದರೂ, ಪೆಟ್ಟಿಗೆ ಹಳತಾಗಿದ್ದರೂ ಕಾರ್ಡು ಭಾರದ ಕೆಲಸದಲ್ಲಿ ಕುಸಿಯುತ್ತದೆ. 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ ಸೀಮೆ ನಮ್ಮದು. ಆದರೂ ಪಂಪುಸೆಟ್ಟುಗಳು ಓಡುವ ಹೊತ್ತಿನಲ್ಲಿ ದೀಪ ಮಂಕಾದರೆ 230 ವೋಲ್ಟು ಮನೆಗೆ ಬರುತ್ತಿಲ್ಲವೆಂದೇ ತಿಳಿಯಬೇಕು. ಪರದೆ ಆರಿದ ಹೊತ್ತನ್ನು ವಾರಗಟ್ಟಲೆ ಬರೆದಿಡಿ. ಅದು ದೀಪ ಮಂಕಾಗುವ ಹೊತ್ತಿಗೆ ಹೊಂದಿದರೆ ಬೇಕಾದದ್ದು ಹೊಸ ಕಾರ್ಡಲ್ಲ, ಒಳ್ಳೆಯ ಯುಪಿಎಸ್.

ಐದನೆಯದು ಸಂಪರ್ಕ. ಕಾರ್ಡನ್ನು ಸಂದಿನಿಂದ ತೆಗೆದು ಮತ್ತೆ ಭದ್ರವಾಗಿ ಕೂರಿಸಿ.

ಇಷ್ಟಾದರೂ ಗುಣವಾಗದಿದ್ದರೆ ಕಾರ್ಡನ್ನು ಬೇರೊಂದು ಸುಸ್ಥಿತಿಯ ಯಂತ್ರದಲ್ಲಿ ಹಾಕಿ ಅದೇ ಕೆಲಸ ಕೊಡಿ. ಅಲ್ಲಿಯೂ ಕುಸಿದರೆ ದೋಷ ಕಾರ್ಡಿನದೇ. ವಾರಂಟಿಯ ಚೀಟಿಯನ್ನು ಹುಡುಕಿ, ಕಾರ್ಡನ್ನು ಬಿಚ್ಚಬೇಡಿ. ಅಲ್ಲಿ ಸುಮ್ಮನೆ ನಡೆದರೆ ರೋಗ ಉಳಿದಿರುವುದು ನಿಮ್ಮ ಮನೆಯ ಯಂತ್ರದಲ್ಲಿ.

ಒಂದು ನಿಯಮವನ್ನು ಮರೆಯಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ದಿನ ನೋಡಿ. ನಾಲ್ಕು ಔಷಧಿಗಳನ್ನು ಒಟ್ಟಿಗೆ ಕುಡಿಸಿದವನಿಗೆ ಯಾವುದು ಗುಣ ಕೊಟ್ಟಿತೆಂದು ತಿಳಿಯದು. ಈ ನಡುವೆ, ಐದು ನಿಮಿಷಕ್ಕೊಮ್ಮೆ ಕೆಲಸವನ್ನು ಉಳಿಸಿಕೊಳ್ಳುವಂತೆ ಮಗಳಿಗೆ ಹೇಳಿ.