ಕೀಬೋರ್ಡಿನಲ್ಲಿ ಡ್ರಮ್ಮಿನ ಮೊಳಗು

ಪಾಸ್ಖ ಜಾಗರಣೆಯ ರಾತ್ರಿ ಹಳೆಯ ಒಡಂಬಡಿಕೆಯ ಕಡೆಯ ವಾಚನ ಮುಗಿದು, ಪೀಠದ ಮೋಂಬತ್ತಿಗಳು ಬೆಳಗಿ, ಗುರುಗಳು ಮಹಿಮಾಗೀತೆಯನ್ನು ಆರಂಭಿಸುವ ಕ್ಷಣವನ್ನು ಕಥೋಲಿಕ ಕುಟುಂಬಗಳಲ್ಲಿ ಯಾರೂ ಮರೆಯಲಾರರು. ಪವಿತ್ರ ಗುರುವಾರದ ಮಹಿಮಾಗೀತೆಯ ನಂತರ ಮೌನ ತಾಳಿದ ಗಂಟೆಗಳು ಆಗ ಒಮ್ಮೆಲೇ ದನಿಗೂಡುತ್ತವೆ. ವಿಧಿಗ್ರಂಥವು ಹೇಳುವುದು ಗಂಟೆಗಳನ್ನಷ್ಟೇ. ನಮ್ಮ ಧರ್ಮಕೇಂದ್ರದಲ್ಲಾದರೋ ಅವುಗಳೊಡನೆ ಸೈಡ್ ಡ್ರಮ್ಮಿನ ಮೊಳಗೂ ಸೇರುವ ರೂಢಿಯುಂಟು. ಹಬ್ಬದ ತೇರಿನ ಮುಂದೆ ಸಾಗುವ ಬ್ಯಾಂಡಿನಲ್ಲಿ ಜೀವಮಾನವಿಡೀ ನುಡಿಸಿದ ಹಿರಿಯರೊಬ್ಬರು ಅದನ್ನು ನೆರವೇರಿಸುತ್ತಿದ್ದರು. ಎರಡು ವರ್ಷಗಳ ಹಿಂದೆ ಅವರ ಕೈಗಳು ನಡುಗತೊಡಗಿದವು. ಡ್ರಮ್ಮು ಮೂಲೆ ಸೇರಿತು.

ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುವವಳು ಅವರ ಮೊಮ್ಮಗಳೇ. ಕಳೆದ ವರ್ಷದ ಜಾಗರಣೆಯ ಮುನ್ನಾದಿನ ನಾನು ಆಕೆಗೆ, "ಡ್ರಮ್ಮಿನ ಸದ್ದೂ ಅದರಲ್ಲೇ ಇದೆಯಲ್ಲಮ್ಮ, ಒತ್ತಿದರಾಯಿತು" ಎಂದು ಹಗುರವಾಗಿ ಹೇಳಿಬಿಟ್ಟೆ. ಆಕೆ ಒತ್ತಿದಳು. ಒಂದೇ ಕೀಯನ್ನು ಒಂದೇ ಬೆರಳಿನಿಂದ, ಆದಷ್ಟು ಬೇಗ. ಹೊರಟದ್ದು ಚಲನಚಿತ್ರದ ಮೆಷಿನ್ ಗನ್ನಿನ ಸದ್ದು. ಹುಡುಗರು ಕಿಸಕ್ಕನೆ ನಕ್ಕರು; ಆ ಹಿರಿಯರು ತಲೆ ತಗ್ಗಿಸಿದರು. ತಪ್ಪು ಮಗುವಿನದಲ್ಲ, ನನ್ನದು.

ಹಾಗೇಕಾಯಿತೆಂದು ವಿಚಾರಿಸಿದಾಗ ಸೆಮಿನರಿಯಲ್ಲಿ ಓದಿದ ಲೈಬ್‌ನಿಜ್ ನೆನಪಾದ. ಹೆರೆನ್‌ಹೌಸೆನ್ ಉದ್ಯಾನದಲ್ಲಿ ಒಬ್ಬ ಸಜ್ಜನನು ಎಲ್ಲ ವಿಧದಲ್ಲೂ ಒಂದೇ ಆಗಿರುವ ಎರಡು ಎಲೆಗಳನ್ನು ಹುಡುಕಿ ತೋರಿಸುವೆನೆಂದು ಹೊರಟು, ಬಹಳ ಹೊತ್ತು ಅಲೆದು ಸೋತ ಪ್ರಸಂಗವನ್ನು ಆ ತತ್ತ್ವಜ್ಞಾನಿ 1716ರ ಪತ್ರವೊಂದರಲ್ಲಿ ಬರೆದಿದ್ದಾನೆ. ಡ್ರಮ್ಮಿನ ಪೆಟ್ಟುಗಳೂ ಆ ಎಲೆಗಳಂತೆಯೇ. ಬಲಗೈ ಪೆಟ್ಟಿನಂತೆ ಎಡಗೈ ಪೆಟ್ಟಿರದು. ಕಡ್ಡಿಯು ಡ್ರಮ್ಮಿನ ಮುಖವನ್ನು ಎರಡು ಸಲ ಒಂದೇ ಜಾಗದಲ್ಲಿ ಮುಟ್ಟದು. ಮೇಲಾಗಿ, ಕಡ್ಡಿಯನ್ನು ತುಸು ಒತ್ತಿಹಿಡಿದರೆ ಅದು ತಾನಾಗಿ ಪುಟಿದು, ಒಂದು ಪೆಟ್ಟಿನ ಬೆನ್ನಿಗೆ ಹಲವು ಮೆಲ್ಲನೆಯ ಪೆಟ್ಟುಗಳನ್ನು ನೀಡುತ್ತದೆ. ಹಿಂದಿನ ನಾದ ಅಡಗುವ ಮುನ್ನವೇ ಮುಂದಿನದು ಬಂದು ಬೆರೆಯುವುದರಿಂದ ನಮ್ಮ ಕಿವಿಗೆ ಅದು ಒಂದೇ ಧಾರೆ. ಅಗ್ಗದ ಕೀಬೋರ್ಡಿನಲ್ಲಿರುವುದಾದರೋ ಒಂದೇ ಒಂದು ಪೆಟ್ಟಿನ ಧ್ವನಿಮುದ್ರಣ. ಹತ್ತು ಸಲ ಒತ್ತಿದರೆ ಅದೇ ಎಲೆ ಹತ್ತು ಸಲ ಉದುರುತ್ತದೆ. ಕಿವಿ ಕೂಡಲೇ ಮೋಸವನ್ನು ಗುರುತಿಸುತ್ತದೆ.

ನಮ್ಮ ತಬಲ ವಾದಕರಿಗೆ ಇದು ಹೊಸ ಸಂಗತಿಯಲ್ಲ. 'ತೆಟೆ' ಎಂಬ ಬೋಲಿನ ಎರಡು ಪೆಟ್ಟುಗಳನ್ನು ಅವರು ಒಂದೇ ಬೆರಳಿನಿಂದ ನುಡಿಸುವುದಿಲ್ಲ. ಮೊದಲನೆಯದು ನಡುಬೆರಳಿನದು, ಎರಡನೆಯದು ತೋರುಬೆರಳಿನದು.

ಉಪಾಯವೂ ಇಲ್ಲೇ ಇದೆ. ಡ್ರಮ್ ಧ್ವನಿಗಳ ಸಾಮಾನ್ಯ ಜೋಡಣೆಯಲ್ಲಿ ಸೈಡ್ ಡ್ರಮ್ಮಿನ ಜಾತಿಯ ಧ್ವನಿ ಡಿ ಮತ್ತು ಇ ಎಂಬ ಎರಡು ಕೀಗಳಲ್ಲಿರುತ್ತದೆ. ಬಲಗೈಗೆ ಒಂದು, ಎಡಗೈಗೆ ಒಂದು ಎಂದು ಹಂಚಿಕೊಂಡು, ಎರಡನೆಯದನ್ನು ತುಸು ಮೆಲ್ಲಗೆ ಒತ್ತಬೇಕು. 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯು ಕೀ ಒತ್ತುವ ವೇಗವನ್ನು 1ರಿಂದ 127ರವರೆಗೆ ಎಣಿಸುತ್ತದೆ. ಮೊಳಗನ್ನು 30ರ ಆಸುಪಾಸಿನಲ್ಲಿ ಆರಂಭಿಸಿ 100ರತ್ತ ಒಯ್ಯಬಹುದು. ಸದ್ದು ಏರಿದಂತೆ ವೇಗವನ್ನೂ ಏರಿಸುವುದು ಕಲಿಯುವವರೆಲ್ಲರ ತಪ್ಪು. ಏರಬೇಕಾದದ್ದು ಸದ್ದು ಮಾತ್ರ. ಒತ್ತಿನ ಭೇದವನ್ನೇ ಅರಿಯದ ಕೀಬೋರ್ಡಾದರೆ ವಾಲ್ಯೂಮ್ ಪೆಡಲೇ ಗತಿ. ಝಲ್ಲರಿಯ ಮೊಳಗನ್ನು ಮಾತ್ರ ಹೀಗೆ ಕಟ್ಟುವುದು ಕಷ್ಟ. ಆ ತಟ್ಟೆ ಮೊದಲೇ ಕಂಪಿಸುತ್ತಿರುವಾಗ ಮುಂದಿನ ಪೆಟ್ಟು ಬೀಳುವುದರಿಂದ ನಾದವು ಏರುತ್ತಾ ಹೊಳಪಾಗುತ್ತದೆ. ಕೀಬೋರ್ಡಿನಲ್ಲಿ ಪ್ರತಿ ಒತ್ತೂ ಹೊಸ ಆರಂಭ. ಆದ್ದರಿಂದ ಕೊನೆಯ ಒಂದು ಪೆಟ್ಟಿಗೆ ಝಲ್ಲರಿಯನ್ನು ಉಳಿಸಿಕೊಳ್ಳುವುದು ಲೇಸು. ಇನ್ನು ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದವರು ದೇವಾಲಯದ ಪ್ರತಿಧ್ವನಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎತ್ತರದ ಗೋಡೆಗಳ ನಡುವೆ ಪೆಟ್ಟುಗಳು ತಾವಾಗಿಯೇ ಬೆಸೆದುಕೊಳ್ಳುವುದರಿಂದ ಅಲ್ಲಿ ಅಷ್ಟು ಅವಸರ ಬೇಕಿಲ್ಲ.

ಇಷ್ಟೆಲ್ಲ ಏಕೆ ಸ್ವಾಮಿ, ಮೊಳಗನ್ನು ಮೊದಲೇ ಧ್ವನಿಮುದ್ರಿಸಿ ಒಂದು ಗುಂಡಿ ಒತ್ತಿದರಾಗದೇ ಎಂದು ಯುವಕರು ಕೇಳಿದರು. ನ್ಯಾಯವಾದ ಪ್ರಶ್ನೆ. 1903ರಲ್ಲಿ ಪೋಪ್ ಹತ್ತನೆಯ ಪಿಯುಸರು ಪಿಯಾನೋವನ್ನೂ ಡ್ರಮ್ಮನ್ನೂ ದೇವಾಲಯದಿಂದ ಹೊರಗಿಟ್ಟಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ಅಗ್ರಸ್ಥಾನ ನೀಡಿ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಈ ಎರಡರ ನಡುವೆ, 1958ರ ಸೆಪ್ಟೆಂಬರಿನಲ್ಲಿ ರೋಮ್ ಹೊರಡಿಸಿದ ಸೂಚನೆಯೊಂದು ಸ್ವಯಂಚಾಲಿತ ಆರ್ಗನ್, ಗ್ರಾಮಫೋನು, ಟೇಪ್ ರೆಕಾರ್ಡರುಗಳ ಬಳಕೆಯನ್ನು ಆರಾಧನೆಯಲ್ಲಿ ನಿಷೇಧಿಸಿತ್ತು. ಅಂದಿನ ಕಟ್ಟಳೆಗಳಲ್ಲಿ ಹಲವು ಸಡಿಲಗೊಂಡಿವೆಯಾದರೂ ಇದರ ಹಿಂದಿನ ವಿವೇಕ ನನಗೆ ಇಂದಿಗೂ ಸರಿಯೆನಿಸುತ್ತದೆ. ಅಲ್ಲಿ ಆಕ್ಷೇಪವಿದ್ದದ್ದು ಅನುಕರಣೆಗಲ್ಲ. ಆರ್ಗನ್ ತಾನೇ ದೊಡ್ಡ ಅನುಕರಣಕಾರ. ಕೊಳಲು, ಟ್ರಂಪೆಟ್ ಎಂದೇ ಅದರ ಧ್ವನಿಗಳಿಗೆ ಹೆಸರು. ಯೂರೋಪಿನ ಕೆಲವು ಹಳೆಯ ಆರ್ಗನ್‌ಗಳಲ್ಲಂತೂ ಎರಡು ದಪ್ಪ ಕೊಳವೆಗಳ ಶ್ರುತಿಯನ್ನು ಬೇಕೆಂದೇ ತುಸು ಕೆಡಿಸಿ, ಅವುಗಳ ತಿಕ್ಕಾಟದಿಂದ ನಗಾರಿಯ ಮೊಳಗನ್ನು ಹೊರಡಿಸುತ್ತಿದ್ದರು! ಆದರೆ ಅಲ್ಲಿ ಒಬ್ಬ ಮನುಷ್ಯ ಕುಳಿತು, ಗುರುಗಳ ದನಿಗೆ ಕಿವಿಗೊಟ್ಟು, ಆ ಗಳಿಗೆಯಲ್ಲಿ ನುಡಿಸುತ್ತಿದ್ದ. ಗುರುಗಳು ಕೆಮ್ಮಿದರೆ ಅವನು ಕಾಯಬಲ್ಲ, ಧ್ವನಿಮುದ್ರಣ ಕಾಯದು. ಗುಂಡಿ ಬೇಡವೆಂದೆ. ಯುವಕರಿಗೆ ಪೂರ್ಣ ಸಮಾಧಾನವಾದಂತೆ ಕಾಣಲಿಲ್ಲ.

ಈಗ ಶನಿವಾರದ ಸಂಜೆಗಳಲ್ಲಿ ತಾತ, ಮೊಮ್ಮಗಳು ಗಾಯನವೃಂದದ ಕೋಣೆಯಲ್ಲಿ ಕೂರುತ್ತಾರೆ. ಆಕೆ ಕೀಬೋರ್ಡಿನ ಸದ್ದನ್ನು ಪೂರ್ತಿ ಇಳಿಸಿ ಬೆರಳಾಡಿಸುತ್ತಾಳೆ. ಅವರು ಕಣ್ಣು ಮುಚ್ಚಿ ಬರಿಯ ಕೀಗಳ ಟಕಟಕವನ್ನು ಆಲಿಸಿ, "ಎಡಗೈ ಓಡುತ್ತಿದೆ ಮಗೂ" ಎನ್ನುತ್ತಾರೆ. ಒಂದು ದಿನ ನನ್ನ ಕಡೆ ತಿರುಗಿ ನಕ್ಕರು: "ನಡುಗುವ ಕೈಗೆ ರೋಲ್ ಸುಲಭ ಅಂತ ಜನ ತಮಾಷೆ ಮಾಡ್ತಾರೆ ಸ್ವಾಮಿ. ನಡುಕ ನನ್ನ ಮಾತು ಕೇಳೋದಿಲ್ಲ, ರೋಲ್ ಕೇಳ್ತಿತ್ತು."

ಮುಂದಿನ ಜಾಗರಣೆಗಾಗಿ ಆಕೆಯದೊಂದು ಕೋರಿಕೆಯಿದೆ. ಕೀಬೋರ್ಡಿನ ಸ್ಪೀಕರ್ ಗಾಯನವೃಂದದ ಪಕ್ಕದಲ್ಲಿ ಬೇಡವಂತೆ. ಸಂತ ಜೋಸೆಫರ ಪ್ರತಿಮೆಯ ಕೆಳಗೆ, ತಾತ ಡ್ರಮ್ಮಿನೊಡನೆ ನಿಲ್ಲುತ್ತಿದ್ದ ಜಾಗದಲ್ಲಿ ಇಡಬೇಕಂತೆ. ಅಲ್ಲಿಯವರೆಗೆ ಸಾಲುವಷ್ಟು ಉದ್ದದ ತಂತಿಯನ್ನು ತರಲು ಹೇಳಿದ್ದೇನೆ.