ಬರಗಾಲದ ಕೈತೋಟ: ನೀರಿನ ಉಳಿತಾಯ, ಪ್ರಾಣಿಗಳ ತಡೆ



ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೀವು ಹಿತ್ತಿಲ ಬಾಗಿಲು ತೆರೆದು ನೋಡುತ್ತೀರಿ. ನಿನ್ನೆ ಸಂಜೆಯಷ್ಟೇ ಬಿಂದಿಗೆಯಲ್ಲಿ ಹೊತ್ತು ನೀರುಣಿಸಿದ ಬದನೆ ಗಿಡ ಬುಡಮೇಲಾಗಿದೆ. ಟೊಮ್ಯಾಟೊ ಹಣ್ಣುಗಳು ಅರ್ಧ ಕಚ್ಚಿದ ಸ್ಥಿತಿಯಲ್ಲಿ ನೆಲದ ಮೇಲೆ ಬಿದ್ದಿವೆ. "ಈ ಸಲ ತೋಟದ ಸಹವಾಸವೇ ಬೇಡ" ಎಂದು ಅಜ್ಜಿ ಬೇಸರದಿಂದ ಹೇಳುತ್ತಾರೆ. ತುಮಕೂರಿನ ದೇವರಾಯನದುರ್ಗದಂತಹ ಗುಡ್ಡಗಾಡಿನ ತಪ್ಪಲಿನಲ್ಲಿ ವಾಸಿಸುವವರಿಗೆ ಈ ದೃಶ್ಯ ಹೊಸದೇನಲ್ಲ.

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂತಹ ವರ್ಷಗಳಲ್ಲಿ ಕೈತೋಟ ಉಳಿಯುವುದು ಹೇಗೆ? ಉತ್ತರ ಹುಡುಕುವ ಮೊದಲು ಒಂದು ಸಂಗತಿಯನ್ನು ಗಮನಿಸಿ. ನೀರಿನ ಕೊರತೆ ಮತ್ತು ಪ್ರಾಣಿಗಳ ಕಾಟ ಬೇರೆ ಬೇರೆ ತೊಂದರೆಗಳಲ್ಲ. ಸುತ್ತಲಿನ ಗುಡ್ಡ ಒಣಗಿ, ಕೆರೆ ಬತ್ತಿದಾಗ ಹಸಿರೂ ತೇವವೂ ಉಳಿದಿರುವ ಜಾಗವೆಂದರೆ ನಿಮ್ಮ ಹಿತ್ತಿಲು ಮಾತ್ರ. ಅಳಿಲು ಹನಿ ನೀರಾವರಿಯ ಕೊಳವೆಯನ್ನು ಕಡಿಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ಬಾಯಾರಿಕೆಯಿಂದ. ಕೋತಿಗೆ ಟೊಮ್ಯಾಟೊ ಆಹಾರವೂ ಹೌದು, ನೀರೂ ಹೌದು.

ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ ಮನೆಯ ಚಾವಣಿ 50 ಚದರ ಮೀಟರ್ ಇದೆಯೆನ್ನೋಣ. ಒಂದು ದಿನ 20 ಮಿಲಿಮೀಟರ್ ಮಳೆ ಬಂದರೆ 1,000 ಲೀಟರ್ ನೀರು ಅದರ ಮೇಲೆ ಬಿದ್ದಂತಾಯಿತು. 200 ಲೀಟರಿನ ಡ್ರಮ್ಮು ತುಂಬಲು ಕೇವಲ 4 ಮಿಲಿಮೀಟರ್ ಮಳೆ ಸಾಕು. ಬರದ ವರ್ಷದಲ್ಲೂ ಇಂತಹ ಕೆಲವು ಮಳೆಗಳು ಬರುತ್ತವೆ. ಧೂಳು, ಹಕ್ಕಿಯ ಹಿಕ್ಕೆ ಕೊಚ್ಚಿಕೊಂಡು ಬರುವ ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು ಅನಂತರದ್ದನ್ನು ಹಿಡಿಯಬೇಕು.

ಮಳೆ ಇಲ್ಲದ ದಿನಗಳಲ್ಲಿ ಬಚ್ಚಲ ನೀರಿದೆ. ಐದು ಜನರ ಮನೆಯಲ್ಲಿ ಒಬ್ಬೊಬ್ಬರು 15 ಲೀಟರಿನ ಒಂದು ಬಕೆಟ್ ಸ್ನಾನ ಮಾಡಿದರೂ ದಿನಕ್ಕೆ 75 ಲೀಟರ್ ನೀರು ಹೊರಹೋಗುತ್ತದೆ. ಗಿಡವೊಂದಕ್ಕೆ ದಿನಕ್ಕೆ ಒಂದು ಲೀಟರ್ ಎಂದು ಹಿಡಿದರೆ, 40 ಗಿಡಗಳಿಗೆ ಕೊಟ್ಟು ಇನ್ನೂ ಮಿಗುತ್ತದೆ. ಆದರೆ ಸಾಬೂನಿನ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ ಬಾಳೆ, ತೆಂಗು, ಕೆಸುವಿನ ಬುಡಕ್ಕೆ ಬಿಡುವುದು ಒಳ್ಳೆಯದು. ಆಗ ಒಳ್ಳೆಯ ನೀರು ತರಕಾರಿಗೆ ಉಳಿಯುತ್ತದೆ.

ಕೊಟ್ಟ ನೀರನ್ನು ಉಳಿಸುವುದು

ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ನೀರು ಮೇಲೇರಿ ಬಿಸಿಲಿಗೆ ಆವಿಯಾಗುತ್ತದೆ. ನೆಲದ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ಒಣ ಎಲೆ, ಹುಲ್ಲು ಅಥವಾ ತೆಂಗಿನ ನಾರನ್ನು ಹೊದಿಸಿದರೆ ಬಿಸಿಲು, ಗಾಳಿ ಎರಡೂ ಮಣ್ಣನ್ನು ನೇರವಾಗಿ ಮುಟ್ಟುವುದಿಲ್ಲ. ಕಾಂಡದ ಸುತ್ತ ಮಾತ್ರ ಸ್ವಲ್ಪ ಜಾಗ ಬಿಡಿ. ಇಲ್ಲವಾದರೆ ಕಾಂಡ ಕೊಳೆಯಬಹುದು, ಗೆದ್ದಲು ಹತ್ತಬಹುದು.

ಇನ್ನೊಂದು ಉಪಾಯ ಮಡಕೆ ನೀರಾವರಿ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿಸಿ, ಬಾಯಿ ಮುಚ್ಚಿ, ಸುತ್ತ ನಾಲ್ಕು ಗಿಡ ನೆಡಬೇಕು. ಸುತ್ತಲಿನ ಮಣ್ಣು ಒಣಗಿದಾಗ ಮಡಕೆಯಿಂದ ನೀರನ್ನು ಹೆಚ್ಚು ಎಳೆದುಕೊಳ್ಳುತ್ತದೆ. ತೇವವಿದ್ದಾಗ ಕಡಿಮೆ ಎಳೆಯುತ್ತದೆ. ಸುಮಾರು 2,000 ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿಯೇ ಈ ವಿಧಾನದ ವರ್ಣನೆಯಿದೆ. ನೀರು ನೆಲದೊಳಗೇ ಇರುವುದರಿಂದ ಪ್ರಾಣಿಗಳ ಕಣ್ಣಿಗೂ ಬೀಳುವುದಿಲ್ಲ.

ಒಂದು ಎಚ್ಚರಿಕೆ. ಬರಗಾಲದಲ್ಲಿ ನೀರು ಕೂಡಿಡುವ ಮನೆಗಳಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಸುಲಭವಾಗಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಬಲ್ಲವು. ಡ್ರಮ್ಮಿಗೆ ಬಿಗಿಯಾಗಿ ಬಟ್ಟೆ ಕಟ್ಟಿ. ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಿರಿ.

ಬಂದವರು ಯಾರು?

ಪ್ರಾಣಿಗಳನ್ನು ತಡೆಯಲು ಮೊದಲು ಅವುಗಳ ಗುರುತು ಸಿಗಬೇಕು. ನೆಲವನ್ನು ಉತ್ತಂತೆ ಅಗೆದಿದ್ದರೆ ಅದು ಹೆಚ್ಚಾಗಿ ಕಾಡುಹಂದಿ. ಎಳೆ ಸಸಿಗಳ ತುದಿಯನ್ನು ಹಗಲಿನಲ್ಲಿ ಕುಕ್ಕಿದ್ದರೆ ನವಿಲು ಇರಬಹುದು. ಕಾಯಿ ಕಿತ್ತು, ಕಚ್ಚಿ, ಎಸೆದಿದ್ದರೆ ಕೋತಿ.

ಕೋತಿಗಳು ಬರುವ ಕಡೆ ಮೆಣಸಿನಕಾಯಿ, ಹಾಗಲ, ಅರಿಶಿನ, ಶುಂಠಿ, ಸುವರ್ಣಗಡ್ಡೆಯಂತಹ ಬೆಳೆಗಳಿಗೆ ಸಾಮಾನ್ಯವಾಗಿ ಹಾನಿ ಕಡಿಮೆ. ಸುವರ್ಣಗಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುತ್ತವೆ. ಹಸಿಯಾಗಿ ಕಚ್ಚಿದರೆ ಬಾಯಿ ತುರಿಸಲು ಅವೇ ಕಾರಣ. ಆದರೆ ಹಂದಿ ಬರುವ ಕಡೆ ಗಡ್ಡೆಗಳನ್ನು ನಂಬಬೇಡಿ. ನೆಲ ಅಗೆಯುವುದೇ ಅದರ ಸ್ವಭಾವ. ಹೀಗೆ, ಯಾವ ಪ್ರಾಣಿ ಬರುತ್ತದೆ ಎಂಬುದನ್ನು ನೋಡಿ ಯಾವ ಬೆಳೆ ಎಂದು ನಿರ್ಧರಿಸಬೇಕು. ಕೋತಿಗಳಿಗೆ ಕರುಣೆಯಿಂದ ಒಮ್ಮೆ ತಿಂಡಿ ಕೊಟ್ಟರೆ, ಅವು ಆ ಮನೆಯನ್ನು ಮರೆಯುವುದಿಲ್ಲ.

ಸೊಪ್ಪಿನ ಮಡಿಗೆ ಬಲೆ ಕಟ್ಟಬಹುದು. ಬಲೆಯ ಕಣ್ಣು ಚಿಕ್ಕದಾಗಿರಲಿ, ಗೂಟಕ್ಕೆ ಬಿಗಿಯಾಗಿ ಎಳೆದು ಕಟ್ಟಿರಲಿ. ಸಡಿಲವಾದ ನೈಲಾನ್ ಬಲೆಯಲ್ಲಿ ಹಕ್ಕಿಗಳೂ ಕೇರೆಹಾವುಗಳೂ ಸಿಕ್ಕಿ ಸಾಯುತ್ತವೆ. ಇಲಿ ಹಿಡಿಯುವ ಕೇರೆಹಾವನ್ನು ಕಳೆದುಕೊಂಡರೆ ನಷ್ಟ ನಿಮ್ಮ ತೋಟಕ್ಕೇ. ಬಾವಲಿ ಕಚ್ಚಿದ ಹಣ್ಣನ್ನು ಮಾತ್ರ ತಿನ್ನಬೇಡಿ. ನಿಪಾ ವೈರಸ್ಸಿನ ಸಹಜ ನೆಲೆ ಹಣ್ಣು ತಿನ್ನುವ ಬಾವಲಿಗಳೇ.

ಮಾಡಲೇಬಾರದ ಕೆಲಸ

ಕೋಪದಲ್ಲಿ ಕೆಲವರು ಮನೆಯ ವಿದ್ಯುತ್ ತಂತಿಯನ್ನು ನೇರವಾಗಿ ಬೇಲಿಗೆ ಜೋಡಿಸುತ್ತಾರೆ. ನಿಯಮಬದ್ಧವಾದ ಸೌರ ಬೇಲಿಯಲ್ಲಿ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಕಾಲ ಮಾತ್ರ ವಿದ್ಯುತ್ತು ಹರಿಯುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಮನೆಯ 230 ವೋಲ್ಟಿನ ವಿದ್ಯುತ್ತು ಎಡೆಬಿಡದೆ ಹರಿಯುತ್ತದೆ. ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಲಾಗುವುದಿಲ್ಲ. ಹಂದಿಗೆಂದು ಕಟ್ಟಿದ ತಂತಿಗೆ ಆನೆಗಳು ಮಾತ್ರವಲ್ಲ, ಕತ್ತಲಲ್ಲಿ ನಡೆದು ಬಂದ ಮನೆಯವರೇ ಬಲಿಯಾದದ್ದುಂಟು. ವಿಷ ಬೆರೆಸಿದ ಆಹಾರವೂ ಹಾಗೆಯೇ; ಅದನ್ನು ಮೊದಲು ತಿನ್ನುವುದು ನೆರೆಮನೆಯ ನಾಯಿಯೋ ಹಸುವೋ ಆಗಿರಬಹುದು. ಇದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು ಮುಂತಾದ ಪ್ರಾಣಿಗಳನ್ನು ಕೊಲ್ಲುವುದು ಅಪರಾಧ. ಕಾಟ ಮಿತಿಮೀರಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಎರಡು ಕುಂಡಗಳಿಗೆ ಒಂದೇ ಮಣ್ಣು ತುಂಬಿ ತೂಕ ಸಮ ಮಾಡಿಕೊಳ್ಳಿ. ಒಂದಕ್ಕೆ ಒಣ ಎಲೆ ಹೊದಿಸಿ, ಮತ್ತೊಂದನ್ನು ಹಾಗೆಯೇ ಬಿಡಿ. ಎರಡಕ್ಕೂ ಒಂದೊಂದು ಲೀಟರ್ ನೀರು ಹಾಕಿ, ಪ್ರತಿ ಕುಂಡದ ತೂಕ ಬರೆದಿಟ್ಟುಕೊಳ್ಳಿ. ಐದು ದಿನ, ದಿನವೂ ತೂಗಿ. ಕಡಿಮೆಯಾದ ತೂಕವೆಲ್ಲ ಆವಿಯಾದ ನೀರು. ಜೊತೆಗೆ ಹಿತ್ತಿಲಿಗೆ ಬಂದ ಪ್ರಾಣಿ, ಬಂದ ಹೊತ್ತು, ತಿಂದ ಗಿಡ ಇವನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆಯಿರಿ. ತರಕಾರಿ ಮಡಿಯಿಂದ ದೂರದಲ್ಲಿ ಅಗಲವಾದ, ಆಳವಿಲ್ಲದ ತಟ್ಟೆಯೊಂದರಲ್ಲಿ ಹಕ್ಕಿಗಳಿಗೆ ನೀರಿಟ್ಟು, ಜೇನುನೊಣ ಕೂರಲು ಎರಡು ಕಲ್ಲು ಹಾಕಿ; ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ತಿಂಗಳು ಮುಗಿದಾಗ ಆ ಪುಸ್ತಕವನ್ನು ಅಜ್ಜಿಗೆ ಓದಿ ಹೇಳಿ. ಮುಂದಿನ ಸಲ ಯಾವ ಬೀಜ ಎಲ್ಲಿ ಹಾಕಬೇಕೆಂದು ಅವರೇ ನಿಮಗೆ ಹೇಳಿಯಾರು.